ಎದುರು ಗುಡ್ಡದ ಕೂಗು

ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಬೆಳಿಗ್ಗೆ ಎದುರು ಗುಡ್ಡದಿಂದ ಕೂ. ಒಂದೇ." ಬರೆದದ್ದು ಅಂದೇ ಅಲ್ಲ, ಮರುದಿನ, ಎಲ್ಲ ಗೊತ್ತಾದ ಮೇಲೆ. 'ಒಂದೇ' ಎಂಬುದರ ಕೆಳಗೆ ಗೆರೆ ಎಳೆದಿದ್ದೇನೆ. ಸರಿಯಾಗಿ ಕೇಳಿಸಿಕೊಂಡವನಿಗೆ ಗೆರೆ ಎಳೆಯುವ ಅಗತ್ಯವೇನಿತ್ತು?

ಬದಿಯಡ್ಕದಿಂದ ಮೂಡಣಕ್ಕೆ ಅರ್ಧ ದಿನ ನಡೆದರೆ ನಮ್ಮ ಊರು. ಊರೆಂದರೆ ನಾಲ್ಕು ಮನೆ, ಒಂದೊಂದು ಗುಡ್ಡಕ್ಕೆ ಒಂದೊಂದು. ಎದುರು ಮನೆಯ ಒಲೆಯ ಹೊಗೆ ನಮ್ಮ ಜಗಲಿಗೆ ಕಾಣುತ್ತಿತ್ತು. ಆದರೆ ಅಲ್ಲಿಗೆ ಹೋಗಲು ಕಣಿವೆಗಿಳಿದು, ತೋಡಿನ ನೀರು ದಾಟಿ, ಮತ್ತೆ ಹತ್ತಬೇಕು. ಮುಕ್ಕಾಲು ಗಂಟೆ ಬೇಕು. ಗಾಡಿಯ ದಾರಿ ಇರಲಿಲ್ಲ. ಕಾಯಿಲೆ ಬಿದ್ದವರನ್ನು ಕುರ್ಚಿಗೆ ಬಿದಿರು ಕಟ್ಟಿ ಕೆಳಗೆ ಹೊತ್ತೊಯ್ಯುತ್ತಿದ್ದರು. ಹಾಗೆ ಹೋದವರು ನಡೆದು ಹಿಂದೆ ಬಂದದ್ದು ನನಗೆ ನೆನಪಿಲ್ಲ. ಬಂದಿರಲೂಬಹುದು, ನೆನಪು ಸಾವುಗಳನ್ನೇ ಆರಿಸಿಟ್ಟುಕೊಳ್ಳುತ್ತದೆ.

ಮನೆಯಿಂದ ಮನೆಗೆ ಸುದ್ದಿ ಹೋಗುತ್ತಿದ್ದುದು ಕೂ ಹಾಕಿ. ಅದಕ್ಕೊಂದು ಕಟ್ಟಳೆಯಿತ್ತು. ಮನುಷ್ಯರು ಎರಡು ಸಲ ಹಾಕಬೇಕು, ನಡುವೆ ಒಂದು ಉಸಿರಿನಷ್ಟು ಬಿಡುವು. ಒಂದೇ ಸಲ ಕೇಳಿದರೆ ಮರುಕೂಗು ಕೊಡಬಾರದು, ಹೊರಡಬಾರದು. ಮಂಜು ಕವಿದಾಗಲಂತೂ ಖಂಡಿತ ಕೂಡದು. ಸತ್ತವರು, ನಮ್ಮ ಕಡೆ ಕುಲೆ ಎನ್ನುತ್ತಾರೆ, ಒಂದೇ ಸಲ ಕರೆಯುತ್ತಾರಂತೆ. ನನ್ನ ಅಜ್ಜನ ತಮ್ಮ ಅಂಥದೊಂದು ಕರೆಗೆ ಓಗೊಟ್ಟು ಮಂಜಿನೊಳಗೆ ಇಳಿದವನು ಮೂರನೆಯ ದಿನ ತೋಡಿನ ಬಂಡೆಗಳ ನಡುವೆ ಸಿಕ್ಕಿದನೆಂದು ಅಮ್ಮ ಹೇಳುತ್ತಿದ್ದಳು.

ಮದರಾಸಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ ಇದಕ್ಕೆ ನಗುತ್ತಿದ್ದೆ. ಎದುರು ಮನೆಯ ಅಕ್ಕ ನನ್ನ ನಗುವಿಗೇ ನಗುತ್ತಿದ್ದಳು. ನೆಂಟಸ್ತಿಕೆಯಿಲ್ಲದಿದ್ದರೂ ಅವಳು ನನಗೆ ಅಕ್ಕ, ಅವಳ ಗಂಡ ಭಾವ; ಅವನಿಗೆ ನಾನೂ ಭಾವ. ನಾವು ಆಡುತ್ತಿದ್ದುದು ತುಳು, ಬರೆಯುತ್ತಿರುವುದು ಕನ್ನಡ; ಆದ್ದರಿಂದ ಇಲ್ಲಿನ ಮಾತುಗಳು ಅವರವೇ ಎಂದು ಆಣೆ ಮಾಡಲಾರೆ.

"ಮದರಾಸಿನಲ್ಲಿ ಆಚೆಮನೆಯವರನ್ನು ಹೇಗೆ ಕರೆಯುವುದು ಮಾರಾಯಾ?"

"ಅಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ ಅಕ್ಕಾ."

"ಮತ್ತೆ ನೀನು ಅಲ್ಲಿ ಎಂತ ಕಲಿಯುವುದು? ಇದ್ದ ಒಂದು ಕೂ ಸಹ ಮರೆತು ಬರ್ತಿ!"

ಅವಳಿಗೆ ಆಗ ಎಂಟು ತಿಂಗಳು. ನಾಲ್ಕೂ ಮನೆಗಳ ಹೆರಿಗೆ ಮಾಡಿಸುತ್ತಿದ್ದವಳು ನನ್ನ ಅಮ್ಮ. ಯುದ್ಧದ ಕಾಲ, ಅಕ್ಕಿಗೆ ರೇಶನ್ ಬಂದಿತ್ತು. ಭಾವ ಅಕ್ಕಿ ತರಲು ಬದಿಯಡ್ಕಕ್ಕೆ ಹೊರಟವನು ದಾರಿಯಲ್ಲಿ ನಮ್ಮ ಅಂಗಳಕ್ಕೆ ಬಂದ.

"ಅತ್ತೇ, ನಾಳೆ ಮಧ್ಯಾಹ್ನಕ್ಕೆ ಬರ್ತೇನೆ. ನಿಮ್ಮ ಒಂದು ಕಿವಿ ಆಚೆ ಬದಿಗೆ ಇರಲಿ."

"ಅವಳನ್ನು ಇಲ್ಲೇ ಬಿಟ್ಟು ಹೋಗ್ಲಿಕ್ಕೆ ಎಂತ ಆಗ್ತಿತ್ತು ನಿನಗೆ?"

"ದನ ಕರೆಯುವುದು ಯಾರು ಅಂತ ಜಗಳ ಮಾಡ್ತಾಳೆ. ಇನ್ನೂ ತಿಂಗಳು ಉಂಟಲ್ಲ."

ಧನು ತಿಂಗಳು. ಮರುದಿನ ಬೆಳಿಗ್ಗೆ ಕಣಿವೆಯೆಲ್ಲ ಮಂಜು. ಎದುರು ಗುಡ್ಡ ಇಲ್ಲವೇ ಇಲ್ಲ ಎಂಬಂತಿತ್ತು. ನಾನು ಕಂಬಳಿ ಹೊದ್ದು ಜಗಲಿಯಲ್ಲಿ ಓದುತ್ತಿದ್ದೆ. ಒಳಗೆ ಅಮ್ಮ ಅಕ್ಕಿ ಅರೆಯುತ್ತಿದ್ದಳು. ಕೂ ಕೇಳಿತು. ಕಲ್ಲಿನ ಸದ್ದು ನಿಂತಿತು.

"ಮಗಾ, ಒಂದಾ, ಎರಡಾ?"

"ಒಂದೇ," ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಕುಲೆಗೂ ಚಳಿ ಆಗಿರಬೇಕು."

ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಇನ್ನೊಂದು ಬರಲಿ," ಎಂದಳು. ಎಷ್ಟು ಹೊತ್ತು ನಿಂತಿದ್ದಳೋ ತಿಳಿಯದು. ಕಲ್ಲು ಮತ್ತೆ ಸದ್ದು ಮಾಡತೊಡಗಿತು; ನಾನು ಪುಟ ತಿರುಗಿಸಿದೆ.

ಮಂಜು ಹರಿದು ಬಿಸಿಲೇರಿದ ಮೇಲೆ ಮತ್ತೆ ಕೂಗು ಬಂತು. ಈ ಸಲ ಗಂಡಸಿನದು, ಬಿಡುವಿಲ್ಲದೆ, ಒಂದರ ಮೇಲೊಂದು. ಅಮ್ಮ ಸೆರಗು ಬಿಗಿದು ಓಡಿದಳು, ಹಿಂದೆ ನಾನು. ಅಕ್ಕ ದನದ ಹಟ್ಟಿಯಲ್ಲಿ, ಹುಲ್ಲಿನ ಮೇಲೆ ಇದ್ದಳು. ಹಾಲಿನ ಪಾತ್ರೆ ಉರುಳಿತ್ತು. ಮಗು ಹುಟ್ಟಿಯಾಗಿತ್ತು, ಹೆಣ್ಣು. ತನ್ನ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅಮ್ಮ ಅದನ್ನು ಎತ್ತಿ ಬೆನ್ನು ಉಜ್ಜಿದಳು, ಪಾದ ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು. ತಣ್ಣಗಾಗಿ ಬಹಳ ಹೊತ್ತಾಗಿದೆಯೆಂದು ಅಮ್ಮನಿಗೆ ತಿಳಿಯದೆ ಇರಲಿಲ್ಲ. ಆದರೂ ಉಜ್ಜುತ್ತಲೇ ಇದ್ದಳು. ಅಕ್ಕ ಬದುಕಿದಳು.

ಅಂಗಳದಲ್ಲಿ ಭಾವ ನನ್ನನ್ನು ಕೇಳಿದ: "ನಿಮಗೆ ಕೂ ಕೇಳ್ಲೇ ಇಲ್ವಾ ಭಾವಾ?"

"ಕೇಳಿತು. ಒಂದೇ."

ಅವನು ತಲೆಯಾಡಿಸಿದ. "ಒಂದಾದರೆ ಮತ್ತೆಂತ ಮಾಡ್ಲಿಕ್ಕಾಗ್ತದೆ," ಎಂದು ನನಗೇ ಸಮಾಧಾನ ಹೇಳಿದ. ಕಾಲೇಜಿಗೆ ಹೋದವನ ಮಾತೆಂದು ಹೆಚ್ಚಿಗೆ ಕೇಳಲಿಲ್ಲ. ಕಟ್ಟಳೆಯನ್ನು ನಂಬದ ನಾನೇ ಅದರ ಪರವಾಗಿ ಸಾಕ್ಷಿ ಹೇಳಿದ್ದೆ.

ಆ ಬೆಳಗನ್ನು ಆಮೇಲೆ ಎಷ್ಟು ಸಲ ಕೇಳಿಸಿಕೊಂಡೆನೋ. ನಾನು 'ಒಂದೇ' ಎಂದ ಮೇಲೆ, ಪುಟ ತಿರುಗಿಸುವ ಮೊದಲು, ಮಂಜಿನೊಳಗೆ ಏನೋ ಒಂದು ಸಣ್ಣ ಸದ್ದಿದೆ. ಅರ್ಧಕ್ಕೆ ತುಂಡಾದ ಕೂ ಇರಬಹುದು. ಕಾಡುಕುರಿಯ ಕೂಗೂ ಇರಬಹುದು. ಅಥವಾ ಆಗ ಅಲ್ಲಿ ಏನೂ ಇರಲಿಲ್ಲ, ಪಶ್ಚಾತ್ತಾಪ ಅದನ್ನು ಆಮೇಲೆ ತಂದಿಟ್ಟಿತು. ಇಲ್ಲದ್ದನ್ನು ಸೇರಿಸಬಲ್ಲ ಮನಸ್ಸು ಇದ್ದದ್ದನ್ನು ಅಳಿಸಲೂ ಬಲ್ಲದು. ಯಾವುದನ್ನು ಮಾಡಿತು ಎಂದು ನನಗೆ ಗೊತ್ತಿಲ್ಲ.

ಮುಂದಿನ ಬೇಸಗೆ ರಜೆಗೆ ಬಂದಾಗ ಅಮ್ಮ ಬದಲಾಗಿದ್ದಳು. ಒಂದು ಕೂ ಕೇಳಿದರೂ ಹೊರಡುತ್ತಿದ್ದಳು. ನವಿಲು ಕೂಗಿದರೂ, ದನ ಕಾಯುವವರು ತಮಾಷೆಗೆ ಕೂಗಿದರೂ ಕೋಲು ಹಿಡಿದು ಕಣಿವೆಗೆ ಇಳಿಯುತ್ತಿದ್ದಳು. ಏದುಸಿರು ಬಿಡುತ್ತ ಹತ್ತಿ ಬಂದು, "ಯಾರೂ ಇಲ್ಲ," ಎಂದು ನೀರು ಕುಡಿಯುತ್ತಿದ್ದಳು. ಬೇಡವೆಂದರೆ ಕೇಳುತ್ತಿರಲಿಲ್ಲ. ಆ ಬೆಳಿಗ್ಗೆ ನಿಜವಾಗಿ ಕೂಗಿದ್ದು ಎಷ್ಟು ಸಲ ಎಂದು ತಿಳಿದಿದ್ದವಳು ಅಕ್ಕ ಒಬ್ಬಳೇ. ಅವಳನ್ನು ನಾನು ಕೇಳಿರಲಿಲ್ಲ.

ರಜೆ ಮುಗಿಯುವ ಮುನ್ನಾದಿನ ಎದುರು ಗುಡ್ಡಕ್ಕೆ ಹೋದೆ. ಭಾವ ಮನೆಯಲ್ಲಿರಲಿಲ್ಲ. ಅಕ್ಕ ಮಜ್ಜಿಗೆ ಕೊಟ್ಟಳು, ನನ್ನ ಕೂದಲು ಕತ್ತರಿಸಿದ ರೀತಿಗೆ ನಕ್ಕಳು. ಲೋಟ ಕೆಳಗಿಟ್ಟು, "ಅಕ್ಕಾ, ಆ ದಿನ..." ಎಂದೆ.

"ಒಂದೇ ಹಾಕಿದ್ದು ನಾನು," ಎಂದಳು. "ಎರಡನೆಯದಕ್ಕೆ ಉಸಿರು ಬರಲಿಲ್ಲ." ನಾನು ಪ್ರಶ್ನೆಯನ್ನು ಪೂರ್ತಿ ಕೇಳಿರಲೇ ಇಲ್ಲ. ಹೇಳುವಾಗ ಅವಳು ಲೋಟವನ್ನು ಎತ್ತಿಕೊಳ್ಳುತ್ತಿದ್ದಳು, ಮುಖ ಕಾಣಲಿಲ್ಲ.

ಇಳಿಯುವಾಗ ಹಗುರಾಗಿದ್ದೆನೆಂದು ದಿನಚರಿ ಹೇಳುತ್ತದೆ. ಮನೆಗೆ ಬಂದವನೇ ಅಮ್ಮನಿಗೆ ಹೇಳಿದೆ: "ಅಕ್ಕನೇ ಹೇಳಿದಳು, ಕೂ ಹಾಕಿದ್ದು ಒಂದೇ ಅಂತೆ. ನಮ್ಮ ತಪ್ಪೆಂತ ಇಲ್ಲ."

ಅಮ್ಮ ಕೋಲನ್ನು ಗೋಡೆಗೆ ಒರಗಿಸುತ್ತಿದ್ದಳು.

"ಒಂದು ಹಾಕಿದ್ದಾಳಲ್ಲ ಮಗಾ," ಎಂದಳು.

ಈ ಮಾತು ದಿನಚರಿಯಲ್ಲಿ ಇಲ್ಲ. ಹಾಗಾಗಿ ಅಮ್ಮ ಅದನ್ನು ಹೇಳಿದ್ದು ಹೌದೇ ಎಂದು ಕೆಲವೊಮ್ಮೆ ಸಂಶಯಪಡುತ್ತೇನೆ. ಅಂಥ ಸಂಶಯ ಬಂದ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ ಎಂಬುದನ್ನೂ ಇಲ್ಲಿ ಬರೆದಿಡಬೇಕು.