ಅಕ್ಕನ ತೊಟ್ಟಿಯ ಮೀನು

ನಮ್ಮ ಓಣಿಯಲ್ಲಿ ಮೀನಣ್ಣ ಎಂದರೆ ಮೀನು ಮಾರುವವನಲ್ಲ, ಸೊಳ್ಳೆ ನೋಡುವವನು. ನಗರಸಭೆಯ ಕೆಲಸ. ಮಾಸಿದ ಖಾಕಿ ಅಂಗಿ, ಕೈಯಲ್ಲೊಂದು ಬಿಳಿ ಬಕೆಟ್ಟು, ಅದರೊಳಗೆ ಅರ್ಧ ಬೆಂಕಿಕಡ್ಡಿಯಷ್ಟುದ್ದದ ಬೂದು ಮೀನುಗಳು. ಜೇಬಿನಲ್ಲಿ ಬ್ಯಾಟರಿ, ಸೀಮೆಸುಣ್ಣದ ತುಂಡು. ಹೆಗಲ ಮೇಲೆ ಉದ್ದ ಹಿಡಿಯ ಸೌಟು. ಆ ಸೌಟಿನಲ್ಲಿ ತೊಟ್ಟಿಯ ನೀರು ಮೊಗೆದು, ಬೆಳಕಿಗೆ ಹಿಡಿದು, ಬಾಲ ಬಡಿಯುವ ಹುಳ ಇದೆಯೇ ಎಂದು ನೋಡುವನು. ಇದ್ದರೆ ನೀರು ಚೆಲ್ಲಿಸುವನು, ಚೆಲ್ಲಲಾಗದ ತೊಟ್ಟಿಗೆ ಹುಳ ತಿನ್ನುವ ಆ ಮೀನು ಬಿಡುವನು. ಆಮೇಲೆ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುವನು. ಗೀಟು ಇದ್ದರೆ ಆ ಮನೆ ನೋಡಿ ಆಯಿತು ಎಂದು ಅರ್ಥ.

ಅವನನ್ನು ಕಂಡರೆ ಓಣಿಯವರಿಗೆ ಅಷ್ಟಕ್ಕಷ್ಟೆ. ಹೊಗೆ ಬಿಡುವ ಗಾಡಿ ಬಂದರೆ ಮಕ್ಕಳೆಲ್ಲ ಹಿಂದೆ ಓಡುತ್ತಿದ್ದವು, ದೊಡ್ಡವರೂ ಜಗಲಿಗೆ ಬಂದು ನಿಲ್ಲುತ್ತಿದ್ದರು. ಇವನು ಬಂದರೆ ಹಿತ್ತಲ ಬಾಗಿಲಿಗೆ ಚಿಲಕ. ಕಾದು ಕಾದು ಹಿಡಿದಿಟ್ಟ ನೀರನ್ನು ಚೆಲ್ಲು ಎಂದರೆ ಯಾರಿಗೆ ತಾನೆ ಹೊಟ್ಟೆ ಉರಿಯದು?

"ಹೊಗೆ ಬಿಡೋಕೆ ಹೇಳಪ್ಪಾ, ಅದು ಕೆಲಸ ಅಂದ್ರೆ" ಎಂದು ಯಾರಾದರೂ ಅಂದರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. "ಹಾರೋ ಸೊಳ್ಳೆಗೆ ಹೊಗೆ ಅಮ್ಮಾ. ಹುಟ್ಟೋ ಸೊಳ್ಳೆಗೆ ಏನ್ ಮಾಡ್ತೀರಾ? ಸ್ವಲ್ಪ ಮುಚ್ಚಳ ತೆಗೀರಿ" ಎನ್ನುವನು. ತೆಗೆಯುವವರೆಗೂ ನಿಲ್ಲುವನು. ಹೂಕುಂಡದ ತಟ್ಟೆ, ಫ್ರಿಜ್ಜಿನ ಬೆನ್ನಿಗಿರುವ ನೀರಿನ ತಟ್ಟೆ, ಮಾಡಿನ ಮೇಲಿನ ಒಡಕು ಬಕೆಟ್ಟು, ಯಾವುದನ್ನೂ ಬಿಡುತ್ತಿರಲಿಲ್ಲ. ಯಾರ ಮನೆಯನ್ನೂ ಬಿಡುತ್ತಿರಲಿಲ್ಲ, ಒಂದು ಮನೆ ಹೊರತು.

ಅದು ಅವನ ಅಕ್ಕನ ಮನೆ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ಅಕ್ಕನನ್ನು ಓಣಿಯೆಲ್ಲ ಸೋಪಿನಕ್ಕ ಎಂದು ಕರೆಯುತ್ತಿತ್ತು. ತೊಳೆದದ್ದನ್ನೇ ತೊಳೆಯುವ ಹೆಂಗಸು. ಅವರ ಮನೆಯ ಪಾತ್ರೆಯಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ತಾಯಿ ಸತ್ತಾಗ ಮೀನಣ್ಣನಿಗೆ ಇನ್ನೂ ಸರಿಯಾಗಿ ನಡಿಗೆ ಬಂದಿರಲಿಲ್ಲವಂತೆ. ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಮದುವೆಯಾಗಿ ಬರುವಾಗಲೂ ಅವನನ್ನು ಕರೆದುಕೊಂಡೇ ಬಂದಳು. "ಒಂದು ಹೆಣ್ಣು ಕೇಳಿದ್ರೆ ಜೊತೆಗೊಂದು ಗಂಡನ್ನೂ ಕಟ್ಟಿ ಕಳಿಸಿದ್ರು ನಮ್ಮಾವ" ಎಂದು ಅಕ್ಕನ ಗಂಡ, ಮೀನಣ್ಣನ ಭಾವ, ಕೊನೆಯವರೆಗೂ ನಗೆಯಾಡುತ್ತಿದ್ದರು.

ಭಾವನದು ಓಣಿಯ ತುದಿಯಲ್ಲಿ ಪಂಚರ್ ಅಂಗಡಿ. ಬಾಯಿ ತೆರೆದರೆ ತಮಾಷೆ. ಅಂಗಡಿಯ ಹೊರಗೆ ಬಿದ್ದಿದ್ದ ಹಳೇ ಟೈರುಗಳಲ್ಲಿ ನೀರು ನಿಲ್ಲುತ್ತದೆ, ತೂತು ಹೊಡೆಯಿರಿ ಎಂದು ಮೀನಣ್ಣ ಹೇಳಿದ ದಿನ ಭಾವ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದರು:

"ಕೇಳ್ರಪ್ಪೋ! ತೂತು ಮುಚ್ಚಿ ಹೊಟ್ಟೆ ಹೊರೆಯೋ ನನ್ ಕೈಲಿ ತೂತು ಹೊಡೆಸ್ತಾನೆ ನಮ್ ಸೊಳ್ಳೆ ಸಾಹೇಬ!"

ಕೂಗಿದರೂ ತೂತು ಹೊಡೆದರು. ಹೆಂಡತಿಯ ತಮ್ಮನ ಮಾತನ್ನು ಆ ಮನುಷ್ಯ ಎಂದೂ ಮೀರಿದವರಲ್ಲ.

ಮೀನಣ್ಣನಿಗೆ ಮದುವೆಯಾಗಿ ಪಕ್ಕದ ಬೀದಿಯಲ್ಲಿ ಬೇರೆ ಮನೆಯಾಗಿತ್ತು. ವಾರಕ್ಕೊಮ್ಮೆ ನಮ್ಮ ಓಣಿಯ ಸರದಿ ಬಂದಾಗ ಅಕ್ಕನ ಮನೆಯನ್ನು ಕೊನೆಗೆ ಇಟ್ಟುಕೊಳ್ಳುವನು. ಹೊಸ್ತಿಲ ಬಳಿ ಬಕೆಟ್ಟು ಇಟ್ಟು, ಅಲ್ಲೇ ಕೂತು, ಅಕ್ಕ ಕೊಟ್ಟ ಚಹಾ ಕುಡಿಯುವನು. ಹಿತ್ತಲ ತೊಟ್ಟಿಗೆ ಮೊದಲ ವರ್ಷವೇ ಮೀನು ಬಿಟ್ಟಿದ್ದ. ಆಮೇಲೆ ನೋಡಲು ಹೋಗಲಿಲ್ಲ. ಕೂತಲ್ಲಿಂದಲೇ ಕೇಳುವನು:

"ಅಕ್ಕಾ, ಮೀನು ಹೇಗಿದಾವೆ?"

"ಕೊಬ್ಬಿದಾವೆ ಕಣೋ."

ಭಾವ ಊಟಕ್ಕೆ ಬಂದಿದ್ದರೆ ಒಳಗಿಂದ ಸೇರಿಸುವರು: "ಕೊಬ್ಬಿ ನನ್ನನ್ನೇ ಮನೆಯಿಂದ ಓಡಿಸ್ತಾವೆ. ನಿನ್ನೆ ಸ್ನಾನಕ್ಕೆ ಹೋದ್ರೆ, ಸಾಲಿನಲ್ಲಿ ಬಾ ಅಂದ್ವು!"

ಮೂವರೂ ನಗುವರು. ಮೀನಣ್ಣ ಎದ್ದು ಗೋಡೆಗೆ ಗೀಟು ಎಳೆದು ಹೋಗುವನು. ಒಮ್ಮೆ ನಾನೇ ಕೇಳಿದ್ದೆ, "ಎಲ್ಲರ ತೊಟ್ಟೀನೂ ಬಗ್ಗಿ ನೋಡ್ತೀಯ, ಇದನ್ನ್ಯಾಕೆ ನೋಡಲ್ಲ?" ಎಂದು. ಅವನು ನಾಲಿಗೆ ಕಚ್ಚಿಕೊಂಡ. "ಅಕ್ಕನ ಮನೇಲಿ ಬ್ಯಾಟರಿ ಹಾಕಿ ಹುಡುಕೋದಾ ಅಮ್ಮಾ? ನನ್ನ ಮೈ ತಿಕ್ಕಿ ತೊಳೆದ ಕೈ ಅದು" ಎಂದ. ನನಗೂ ಅದು ಸರಿ ಎನ್ನಿಸಿತು. ಸೋಪಿನಕ್ಕನ ಮನೆಯಲ್ಲಿ ಹುಳವೇ?

ಈಗ ಹೇಳುವ ಮಾತು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅಕ್ಕನ ಬಾಯಿಂದಲೇ. ಆ ತೊಟ್ಟಿಯಲ್ಲಿ ಮೀನೇ ಇರಲಿಲ್ಲ.

ತಮ್ಮ ಮೀನು ಬಿಟ್ಟು ಹೋದ ಮರುದಿನವೇ ಅವಳು ಚಹಾ ಸೋಸುವ ಜಾಲರಿಯಿಂದ ಒಂದೊಂದನ್ನೇ ಹಿಡಿದು ಹಿಂದಿನ ಮೋರಿಗೆ ಬಿಟ್ಟಿದ್ದಳು. "ಮೀನು ಹೇತ ನೀರಲ್ಲಿ ಮುಖ ತೊಳೆಯೋಕೆ ನನ್ನ ಕೈಲಿ ಆಗ್ಲಿಲ್ಲ. ಮೋರೀಲೂ ಬದುಕ್ತಾವೆ ಅಂತ ಅವನೇ ಹೇಳಿದ್ನಲ್ಲ" ಎಂದಳು ನನ್ನೊಡನೆ. ಮುಂದಿನ ವಾರ ತಮ್ಮ ಬಂದಾಗ ಹೇಳಿಬಿಡೋಣ ಎಂದುಕೊಂಡಿದ್ದಳಂತೆ. ಅವನು ಬಂದವನೇ ಹಿಗ್ಗಿನಿಂದ, ಅಕ್ಕಾ ಮೀನು ಹೇಗಿದಾವೆ ಎಂದ. ಓಣಿಯಲ್ಲಿ ಎಲ್ಲರ ಕೈಲೂ ಬೈಸಿಕೊಂಡು ಬಂದ ಮುಖ ಅದು. ಇಲ್ಲೂ ಬೇಡ ಎನ್ನಿಸಿಕೊಳ್ಳಬೇಕೇ ಅವನು? ಕೊಬ್ಬಿದಾವೆ ಎಂದುಬಿಟ್ಟಳು. ಭಾವನಿಗೆ ವಿಷಯ ಗೊತ್ತಿತ್ತು. ಇಲ್ಲದ ಮೀನಿನ ಮೇಲೆ ತಮಾಷೆ ಹೊಸೆಯುವುದು ಅವರಿಗೆ ಇನ್ನೂ ಖುಷಿ. ಒಂದು ಸಲ ಆಡಿದ ಸುಳ್ಳು ಹೀಗೆ ಮನೆಮಂದಿಯ ಹಾಗೆ ಆ ಮನೆಯಲ್ಲೇ ಉಳಿದುಕೊಂಡಿತು.

ಸುಮಾರು ವರ್ಷ ಅದರಿಂದ ಏನೂ ಕೆಡಲಿಲ್ಲ. ಮೀನು ಮಾಡಬೇಕಾದ ಕೆಲಸವನ್ನು ಅಕ್ಕನ ಬ್ರಷ್ಷು ಮಾಡುತ್ತಿತ್ತು. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಒಳಗಿಳಿದು ಗಸಗಸ ಉಜ್ಜುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಆಮೇಲೆ ಅವಳ ಮಂಡಿ ಹೋಯಿತು. ತೊಟ್ಟಿಯೊಳಗೆ ಇಳಿಯುವುದಿರಲಿ, ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಅದೇ ವರ್ಷ ನಲ್ಲಿಯ ನೀರೂ ಕೈಕೊಟ್ಟಿತು. ಯಾವಾಗ ಬರುತ್ತದೋ ಹೇಳುವಂತಿರಲಿಲ್ಲ. ಇದ್ದ ನೀರನ್ನು ಚೆಲ್ಲುವ ಧೈರ್ಯ ಯಾರಿಗಿತ್ತು? ಹಳೇ ನೀರಿನ ಮೇಲೇ ಹೊಸ ನೀರು ತುಂಬಿ, ಮೇಲೊಂದು ತಗಡು ಎಳೆದು ಸುಮ್ಮನಾದಳು. ತಗಡು ಒಂದು ಮೂಲೆಯಲ್ಲಿ ಸೊಟ್ಟಗಾಗಿ ಎದ್ದುಕೊಂಡಿತ್ತು.

ಹೊಸ್ತಿಲ ಮೇಲಿನ ಪ್ರಶ್ನೆ ಮಾತ್ರ ಹಾಗೇ ನಡೆದಿತ್ತು. ಹೇಗಿದಾವೆ? ಕೊಬ್ಬಿದಾವೆ. ಗೀಟು.

ಆ ಸಲ ಓಣಿಯಲ್ಲಿ ಡೆಂಗಿ ಜ್ವರ ಬಂತು. ಮೂಲೆಮನೆಯ ಮಗುವಿಗೆ ಬಂದು ವಾಸಿಯಾಯಿತು, ದರ್ಜಿಗೆ ಬಂದು ವಾಸಿಯಾಯಿತು. ಭಾವನಿಗೆ ಬಂದದ್ದು ವಾಸಿಯಾಗಲಿಲ್ಲ. ಮೈಕೈ ನೋವು, ಮಾತ್ರೆ ನುಂಗಿದರೆ ಹೋಗುತ್ತದೆ ಎಂದು ಅಂಗಡಿಯಲ್ಲೇ ಕೂತರು. ಆಸ್ಪತ್ರೆಗೆ ಹೊರಿಸಿಕೊಂಡು ಹೋಗುವ ಹೊತ್ತಿಗೆ ರಕ್ತ ಕೆಟ್ಟಿತ್ತು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗಲೂ, "ಸೊಳ್ಳೆ ಸಾಹೇಬ್ರೇ, ನಿಮ್ಮೋರು ನಮ್ಮ ಮೇಲೆ ಸಿಟ್ಟಾಗಿದಾರೆ" ಎಂದು ಬಾಮೈದನನ್ನು ನಗಿಸಲು ನೋಡಿದರಂತೆ. ಅವರು ಆಡಿದ ಕೊನೆಯ ತಮಾಷೆ ಅದೇ ಇರಬೇಕು.

ಜ್ವರದಿಂದ ಸಾವಾದರೆ ಆ ಮನೆಯನ್ನೂ ಸುತ್ತಲ ಮನೆಗಳನ್ನೂ ಮತ್ತೆ ನೋಡಬೇಕು ಎಂಬುದು ಅವರ ಕೆಲಸದ ನಿಯಮ. ಮಣ್ಣು ಮಾಡಿ ಬಂದ ಕೆಲವು ದಿನಕ್ಕೆ ಮೀನಣ್ಣನ ಮೇಲಧಿಕಾರಿ ಮೇಡಂ ಬಂದರು. ಒಳ್ಳೆಯ ಹೆಣ್ಣುಮಗಳು. ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ, "ಅಣ್ಣಾ, ಈ ಮನೇನ ಬೇರೆಯವರ ಕೈಲಿ ನೋಡಿಸ್ಲಾ?" ಎಂದರು. ಮೀನಣ್ಣ ಒಪ್ಪಲಿಲ್ಲ. ಬ್ಯಾಟರಿ ಹಿಡಿದು ತಾನೇ ಹಿತ್ತಲಿಗೆ ಹೋದ. ನಾನು ಗೋಡೆಯ ಈಚೆ ನಿಂತಿದ್ದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು.

ಅವನು ತಗಡು ಸರಿಸಿ ಬ್ಯಾಟರಿ ಹಾಕಿದ. ಸೌಟಿನಲ್ಲಿ ಮೊಗೆಯುವ ಅಗತ್ಯವೇ ಇರಲಿಲ್ಲ. ನೀರು ತಾನಾಗಿ ಅಲುಗುತ್ತಿತ್ತು, ಅಷ್ಟು ಹುಳ. ಬ್ಯಾಟರಿಯ ಬೆಳಕನ್ನು ಮೂಲೆಯಿಂದ ಮೂಲೆಗೆ ನಿಧಾನವಾಗಿ ಒಯ್ದ. ಮೀನು ಹುಡುಕುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು.

"ಇಲ್ಲಿ ಮೀನು ಬಿಟ್ಟಿರ್ಲಿಲ್ವಾ ಅಣ್ಣಾ?" ಮೇಡಂ ಕೇಳಿದರು.

ಅವನು ತಿರುಗಿ ಅಕ್ಕನನ್ನು ನೋಡಿದ. ಅವಳ ತುಟಿ ಅಲುಗಿದ್ದನ್ನು ನಾನು ಕಂಡೆ. ಅವನೇ ಮೇಡಂ ಕಡೆ ತಿರುಗಿದ.

"ಇಲ್ಲ ಮೇಡಂ. ಅಕ್ಕನ ಮನೆ ತಾನೆ, ಆಮೇಲೆ ಬಿಟ್ರಾಯ್ತು ಅಂತ ಮರೆತೆ."

"ಮತ್ತೆ ಹೊರಗೆ ಗೀಟು ಇದೆಯಲ್ಲ, ವಾರವಾರದ್ದೂ?"

"ನೋಡದೇ ಎಳೆದಿದ್ದು. ತಪ್ಪು ನಂದೇ."

ಮೇಡಂ ಬರೆಯುವ ಪುಸ್ತಕ ತೆರೆದರು. "ಇದನ್ನ ನಾನು ಮುಚ್ಚಿಡೋಕಾಗಲ್ಲ ಅಣ್ಣಾ" ಎಂದರು. "ಮುಚ್ಚಿಡಬೇಡಿ" ಎಂದ ಮೀನಣ್ಣ.

ಬಕೆಟ್ಟು, ಸೌಟು ಬೇರೆಯವರ ಕೈಗೆ ಹೋದವು. ಅವನನ್ನು ಮೋರಿ ಎತ್ತುವ ಗುಂಪಿಗೆ ಹಾಕಿದರು. ಮೊಣಕಾಲವರೆಗೆ ಕೆಸರಲ್ಲಿ ನಿಂತು ಸಲಿಕೆಯಿಂದ ಹೂಳೆತ್ತುವ ಕೆಲಸ. ಓಣಿಯ ಬಾಯಿ ಕೇಳಬೇಕೇ? ನಲ್ಲಿಯ ಹತ್ತಿರ ಒಬ್ಬಳು, "ಊರಿಗೆಲ್ಲ ಮೀನು ಬಿಟ್ಟ, ಅಕ್ಕನ ಮನೆಗೆ ಯಮನ್ನ ಬಿಟ್ಟ" ಎಂದಳು. ಅಕ್ಕ ಅಲ್ಲೇ ಕೊಡ ಹಿಡಿದು ನಿಂತಿದ್ದಳು. ಪಾಪ, ಗಂಡ ಹೋದ ದುಃಖ, ಅದಕ್ಕೆ ಮಾತಿಲ್ಲ ಎಂದುಕೊಂಡೆವು ನಾವೆಲ್ಲ.

ಭಾವನನ್ನು ಕಚ್ಚಿದ ಸೊಳ್ಳೆ ಆ ತೊಟ್ಟಿಯದೇ ಎಂದು ಯಾರು ಹೇಳುತ್ತಾರೆ? ಅದಕ್ಕೇನು ಹೆಸರೇ, ವಿಳಾಸವೇ? ಅಂಗಡಿಯ ಎದುರಿನ ಖಾಲಿ ಸೈಟಿನಲ್ಲಿ ಎಷ್ಟು ಎಳನೀರಿನ ಒಡಕು ಬುರುಡೆ, ಪ್ಲಾಸ್ಟಿಕ್ ಲೋಟ ಬಿದ್ದಿದ್ದವೋ. ಮೇಡಂ ಕೂಡ ಹಾಗೇ ಅಂದಿದ್ದರು. ಆದರೆ ಆ ಇಬ್ಬರಿಗೂ ಸಂಶಯವಿರಲಿಲ್ಲ. ನೋಡದೆ ಗೀಟು ಎಳೆದೆನಲ್ಲ ಎಂದು ಅವನು. ಜಾಲರಿಯಲ್ಲಿ ಹಿಡಿದು ಬಿಟ್ಟೆನಲ್ಲ ಎಂದು ಅವಳು.

ಮೀನಣ್ಣ ಅಕ್ಕನ ಮನೆಗೆ ಬರುವುದನ್ನು ಬಿಡಲಿಲ್ಲ. ಮೋರಿಯ ಕೆಲಸ ಮುಗಿಸಿ, ನಮ್ಮ ಬೀದಿ ನಲ್ಲಿಯಲ್ಲಿ ಕಾಲು ತೊಳೆದು, ಅದೇ ಹೊಸ್ತಿಲ ಬಳಿ ಕೂತು ಚಹಾ ಕುಡಿಯುವನು. ಮಂಡಿ ಹೇಗಿದೆ ಎನ್ನುವನು, ಎಣ್ಣೆ ತಂದುಕೊಡುವನು. ಮೀನಿನ ಮಾತು ಮಾತ್ರ ಎತ್ತಲಿಲ್ಲ.

"ಅವನು ಒಂದೇ ಒಂದ್ಸಲ ಕೇಳಿದ್ರೆ ಹೇಳಿಬಿಡ್ತಿದ್ದೆ" ಎಂದಳು ಅಕ್ಕ. "ಬೈದಿದ್ರೂ ಆಗ್ತಿತ್ತು. ಯಾಕೇ ಹೀಗ್ ಮಾಡ್ದೆ ಅಂತ ಕೆನ್ನೆಗೆ ಹೊಡೆದಿದ್ರೂ ಆಗ್ತಿತ್ತು. ಅಕ್ಕನಿಗೆ ನೋವಾಗುತ್ತೆ ಅಂತ ಅವನು ಕೇಳ್ಲಿಲ್ಲ. ಅವನು ಕೇಳ್ಲಿಲ್ಲ ಅಂತ ನಾನು ಹೇಳ್ಲಿಲ್ಲ."

ತೊಟ್ಟಿಯನ್ನು ಒಡೆಸಿಬಿಟ್ಟಳು. ಒಡೆದ ಇಟ್ಟಿಗೆ ಸಿಮೆಂಟನ್ನು ಗೋಣಿಚೀಲಕ್ಕೆ ತುಂಬಿ ಹೊತ್ತು ಹಾಕಿದವನೂ ಅವನೇ. ಆ ಜಾಗದಲ್ಲಿ ಭದ್ರ ಮುಚ್ಚಳದ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಬಂತು. ಹೊರಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳು ಉಳಿದಿದ್ದವು. ತೊಳೆದದ್ದನ್ನೇ ತೊಳೆಯುವ ಅಕ್ಕ ಅವನ್ನು ಒರೆಸಲಿಲ್ಲ. ಮಳೆಯೇ ಒರೆಸಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದ ಮಾತು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಕೂತಿರುತ್ತದೆ. ಮೀನಣ್ಣ ಆ ಮೋರಿ ಕೆಲಸದಲ್ಲೇ ನಿವೃತ್ತನಾದ. ಆಮೇಲೆ ಅವನ ಮೂತ್ರಪಿಂಡ ಕೆಟ್ಟಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಅವನ ಹೆಂಡತಿ ಹೇಳಿ ಕಳಿಸಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನೀವೂ ಬನ್ನಿ. ಇವತ್ತು ಹೇಳಲೇಬೇಕು" ಎಂದಳು. ಎಲ್ಲವನ್ನೂ ನನಗೆ ಹೇಳಿದ್ದು ಆ ದಿನ ಆಟೋದಲ್ಲಿ. ತಮ್ಮನಿಗೆ ಹೇಳಬೇಕಾದದ್ದನ್ನು ನನ್ನ ಮೇಲೆ ಅಭ್ಯಾಸ ಮಾಡಿದಳು.

ಆಸ್ಪತ್ರೆಯ ಕಿಟಕಿಯಲ್ಲಿ ಬಿಸಿಲು ಚೆನ್ನಾಗಿತ್ತು. ಮೀನಣ್ಣ ಒಣಗಿದ ಬೀನ್ಸಿನ ಹಾಗೆ ಆಗಿದ್ದ. ಅಕ್ಕ ಸ್ಟೂಲಿನ ಮೇಲೆ ಕೂತು, ಸೆರಗಿನ ತುದಿಯಿಂದ ಅವನ ಬಾಯಂಚು ಒರೆಸಿದಳು. ಉಸಿರು ಎಳೆದುಕೊಂಡಳು, ಹೇಳಲು. ಅಷ್ಟರಲ್ಲಿ ಅವನು ಕಣ್ಣು ಬಿಟ್ಟು ಅವಳನ್ನೇ ನೋಡಿದ.

"ಅಕ್ಕಾ, ಮೀನು ಹೇಗಿದಾವೆ?"

ತೊಟ್ಟಿ ಒಡೆದು ಎಷ್ಟು ಕಾಲವಾಗಿತ್ತು! ಅದರ ಚೂರುಗಳನ್ನು ಹೊತ್ತವನು ಅವನೇ.

"ಕೊಬ್ಬಿದಾವೆ ಕಣೋ" ಎಂದಳು ಅಕ್ಕ.

ಅವನ ಮುಖದಲ್ಲಿ ಸಣ್ಣ ನಗು ಬಂತು. ಹೊಸ್ತಿಲ ಬಳಿ ಕೂತಾಗ ಬರುತ್ತಿದ್ದ ನಗು. ಕಣ್ಣು ಮುಚ್ಚಿದ. ನಾವು ಎದ್ದು ಬರುವವರೆಗೂ ಮತ್ತೆ ತೆರೆಯಲಿಲ್ಲ. ಆ ವಾರದಲ್ಲೇ ಹೋದ.

ವಾಪಸು ಬರುವಾಗ ಆಟೋದಲ್ಲಿ ಅಕ್ಕ ಅಳಲಿಲ್ಲ. ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ನೋಡುತ್ತಿದ್ದಳು. "ಕೇಳಿದ ನೋಡಿ" ಎಂದಳು. "ಇಷ್ಟು ವರ್ಷ ಕಾಯ್ತಿದ್ದೆ. ಕೇಳೇ ಬಿಟ್ಟ. ನನ್ನ ಬಾಯಿ ಹಳೇದನ್ನೇ ಅಂದುಬಿಡ್ತು." ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗಿದಳು. "ಜ್ಞಾನ ತಪ್ಪಿ ಕೇಳಿದ್ನೋ, ಹೇಳಲಿ ಅಂತ ಕೇಳಿದ್ನೋ? ನಿಮಗೇನನ್ಸುತ್ತೆ?"

ಅವಳು ಈಗಲೂ ಮೋಟುಗೋಡೆಯ ಆಚೆ ನಿಂತು ಆಗಾಗ ಅದನ್ನೇ ಕೇಳುತ್ತಾಳೆ, ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಾ.