ತವರು ಬಾರದವರ ಕುಬಸ

ದಾಂಡೇಲಿಯ ಕಾರ್ಮಿಕರ ಲೈನಿನಲ್ಲಿ ನಾವಿದ್ದಾಗ, ಬಸುರಿಯಾದ ಹೆಣ್ಣುಮಗಳ ತವರಿನವರು ಕುಬಸಕ್ಕೆ ಬರಲಾಗದಿದ್ದರೆ ಆ ಕುಬಸ ಲೈನಿನವರೆಲ್ಲ ಆಯಿ ಅನ್ನುತ್ತಿದ್ದ ಹೆಂಗಸಿನ ಮನೆಯಲ್ಲಿ ಆಗುತ್ತಿತ್ತು. ಹೀಗೆಂದು ಯಾರೂ ಕೂತು ನಿಶ್ಚಯಿಸಿದ್ದಲ್ಲ. ನಾನು ಮದುವೆಯಾಗಿ ಅಲ್ಲಿಗೆ ಹೋಗುವ ಹೊತ್ತಿಗೆ ಅದು ಹಾಗೆಯೇ ನಡೆದುಕೊಂಡು ಬರುತ್ತಿತ್ತು. ಆಯಿ ತೀರಿಕೊಂಡು ಈಗ ಬಹಳ ವರ್ಷಗಳಾದವು. ಲೈನಿನ ಮನೆಗಳಲ್ಲಿ ಬೇರೆಯವರಿದ್ದಾರೆ. ಆದರೂ ಎಲ್ಲಾದರೂ ಹಸಿರು ಸೀರೆಯುಟ್ಟ ಬಸುರಿಯನ್ನು ಮಣೆಯ ಮೇಲೆ ಕೂಡಿಸಿದ್ದು ಕಂಡರೆ ನನ್ನ ಕಣ್ಣು ಮೊದಲು ಅಡುಗೆಮನೆಯ ಕಡೆಗೆ ಹೋಗುತ್ತದೆ.

ಕುಬಸವೆಂದರೆ ಬೇರೆ ಕಡೆ ಸೀಮಂತ ಅನ್ನುತ್ತಾರಲ್ಲ, ಅದೇ. ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಖಣ, ಬಳೆ, ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಮಗಳನ್ನು ಕೂಡಿಸಿ, ಐದು ಮಂದಿ ಮುತ್ತೈದೆಯರಿಂದ ಉಡಿ ತುಂಬಿಸುತ್ತಾರೆ. ಸೆರಗಿನಲ್ಲಿ ಕಾಳು, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ ಬೀಳುವಾಗ ಮಗಳಿಗೆ ತನ್ನ ಹಿಂದೆ ಜನ ಇದ್ದಾರೆ ಅನ್ನಿಸಬೇಕು. ನಮ್ಮ ಲೈನಿನಲ್ಲಿ ಹಾಗೆ ಅನ್ನಿಸುವುದು ಕಷ್ಟವಿತ್ತು. ಎಲ್ಲರೂ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು. ಜೋಯಿಡಾದ ಕಾಡಿನಿಂದ ಬಿದಿರು ಹೊತ್ತ ಲಾರಿಗಳು ದಿನವೂ ಇಳಿಯುತ್ತಿದ್ದವು, ಮನುಷ್ಯರನ್ನು ಹೊತ್ತ ಬಸ್ಸು ಮಾತ್ರ ಮಳೆಗಾಲದಲ್ಲಿ ನಂಬುವಂತಿರಲಿಲ್ಲ. ಎಷ್ಟೋ ತವರುಗಳು ಹಳ್ಳದ ಆಚೆಗೇ ಉಳಿಯುತ್ತಿದ್ದವು.

ಆಯಿ ಲೈನಿನ ಕೊನೆಯ ಮನೆಯಲ್ಲಿ ಮಗನ ಜೊತೆ ಇದ್ದಳು. ಮಗನಿಗೆ ಬಾಯ್ಲರಿನಲ್ಲಿ ಕೆಲಸ. ಆಯಿ ಗಿಡ್ಡ ಹೆಂಗಸು, ಹಣೆಗೆ ವಿಭೂತಿ, ಬಳೆಯಿಲ್ಲದ ಕೈ. ಆ ಕೈಗಳು ಮಾತ್ರ ಖಾಲಿ ಇದ್ದದ್ದನ್ನು ನಾನು ನೋಡಲಿಲ್ಲ. ಹೆಂಡತಿ ಊರಿಗೆ ಹೋದ ಗಂಡಸರಿಗೆ ರೊಟ್ಟಿ ಬಡಿದು ಕಟ್ಟಿಕೊಡುವುದು, ಜ್ವರದವರಿಗೆ ಗಂಜಿ, ಬಾಣಂತಿಯರಿಗೆ ನೀರೆರೆಯುವುದು, ನಳದ ಹತ್ತಿರ ಜಗಳವಾದರೆ ತನ್ನ ಕೊಡವನ್ನು ಎಲ್ಲಕ್ಕಿಂತ ಹಿಂದೆ ಇಟ್ಟು ಬೈಯಲು ನಿಲ್ಲುವುದು. ಒಮ್ಮೆ ಒಂದು ಹೆರಿಗೆಯಾಗುವಾಗ ಆ ಹುಡುಗಿಯ ಗಂಡ ಬಾಗಿಲ ಸಂದಿಯಿಂದ, "ಆಯಿ, ಗಂಡೋ ಹೆಣ್ಣೋ?" ಎಂದು ಕೇಳಿದ. ಆಯಿ ಒಳಗಿನಿಂದಲೇ, "ಮೊದಲ ಆಕಿ ಹೆಂಗದಾಳ ಅಂತ ಕೇಳೋ ಮಂಗ್ಯಾ! ಹೋಗು, ಇನ್ನೊಂದು ಕೊಡ ನೀರು ತಾ," ಅಂದಳು. ಅವನು ಓಡಿದ ರಭಸಕ್ಕೆ ನಾವೆಲ್ಲ ನಕ್ಕೆವು. ನೋವು ತಿನ್ನುತ್ತಿದ್ದ ಆ ಹುಡುಗಿಯೂ ನಕ್ಕಳು.

ಕುಬಸ ಅವಳ ಮನೆಯಲ್ಲಿ ಆದರೆ ಹಿಂದಿನ ದಿನದಿಂದಲೇ ಬೇಳೆ ನೆನೆಸುವುದು, ಹೂರಣ ರುಬ್ಬುವುದು ಎಲ್ಲ ಅವಳದೇ. ಉಡಿಗೆ ನಮ್ಮ ಕಡೆ ಅಕ್ಕಿಯನ್ನೋ ಗೋದಿಯನ್ನೋ ಹಾಕುತ್ತಾರೆ. ಆಯಿ ಮಾತ್ರ ಜೋಳ ಹಾಕಿಸುತ್ತಿದ್ದಳು. ದಾಂಡೇಲಿಯ ಸುತ್ತ ಎಲ್ಲಿ ನೋಡಿದರೂ ಭತ್ತ. ಜೋಳ ಊರಿನಿಂದ ಚೀಲದಲ್ಲಿ ಬರಬೇಕು. ತವರಿನವರು ಬಾರದಿದ್ದರೂ ತವರಿನ ಹೊಲದ ಕಾಳು ಬಂದಿರಲಿ ಅಂತ ಅವಳ ಲೆಕ್ಕ. ಎಲ್ಲ ಅಣಿಮಾಡಿ, ಹುಡುಗಿಯನ್ನು ಮಣೆಯ ಮೇಲೆ ಕೂಡಿಸುವ ಹೊತ್ತಿಗೆ ಆಯಿ ಎದ್ದು ಅಡುಗೆಮನೆಗೆ ಹೋಗಿ ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಿದ್ದಳು. ಗಂಡನಿಲ್ಲದವಳು ಉಡಿ ತುಂಬುವಂತಿಲ್ಲ, ಎದುರಿಗೆ ನಿಲ್ಲುವಂತೆಯೂ ಇಲ್ಲ. ಅಲ್ಲಿಂದಲೇ, "ಏ, ಅರಿಷಿಣ ಮೊದಲ, ಆಮ್ಯಾಲೆ ಕುಂಕುಮ! ಎಷ್ಟ ಸಲ ಹೇಳೂದು ನಿಮಗ?" ಎಂದು ಒದರುತ್ತಿದ್ದಳು. ನಮಗೆಲ್ಲ ಅದು ಸಹಜವಾಗಿಯೇ ಕಾಣುತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಸುರಿಯಾದೆ. ಅದಕ್ಕೆ ಮೊದಲು ಒಂದು ಬಸುರು ನಿಂತಿರಲಿಲ್ಲ, ಹಾಗಾಗಿ ಎಲ್ಲದಕ್ಕೂ ಹೆದರಿಕೆ. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಅಣ್ಣ ಹಸಿರು ಸೀರೆ ತರುತ್ತೇನೆಂದು ಹೇಳಿಕಳಿಸಿದ್ದ. ಮಳೆ ಹಿಡಿಯಿತು. ಅವನು ಹಳಿಯಾಳದ ಬಸ್ ಸ್ಟ್ಯಾಂಡಿನವರೆಗೆ ಬಂದು, ಮುಂದೆ ಬಸ್ಸಿಲ್ಲವೆಂದು ತಿಳಿದು, ಕಾದು ಕಾದು ತಿರುಗಿ ಹೋದನಂತೆ. ಬಸ್ಸು ಬಿಟ್ಟಾಗ ತಲುಪಿಸೆಂದು ಸೀರೆಯನ್ನು ಕಂಡಕ್ಟರನ ಕೈಯಲ್ಲಿ ಕೊಟ್ಟಿದ್ದ, ಅದಷ್ಟೇ ಬಂತು. ಏಳನೆಯ ತಿಂಗಳು ಮುಗಿಯುತ್ತ ಬಂದಿತ್ತು. ಎಂಟರಲ್ಲಿ ಕುಬಸ ಮಾಡುವುದಿಲ್ಲ.

ಆಯಿ ಮನೆಗೆ ಬಂದಳು. "ಅಣ್ಣ ಬರಲಿಲ್ಲಂತ ಅಳಾಕತ್ತೀಯೇನ? ಅವಗ ರೆಕ್ಕಿ ಅದಾವೇನ ಹಾರಿ ಬರಾಕ? ಸೋಮವಾರ ನಮ್ಮ ಮನ್ಯಾಗ ಕುಂಡ್ರು."

ನಾನು ಕಣ್ಣೊರೆಸಿಕೊಂಡು, "ಹಂಗಾರ ಉಡಿ ನೀನ ತುಂಬಬೇಕು ಆಯಿ," ಅಂದೆ.

"ಬಸುರಾದವರಿಗೆ ಹುಣಸಿಕಾಯಿ ತಿನ್ನೂ ಬಯಕಿ ಆಗತೈತಿ. ನಿಂದಿದೆಂಥ ಬಯಕಿಬೇ?" ಎಂದು ನಕ್ಕಳು.

"ನನಗ ಅವ್ವ ಇಲ್ಲ. ನೀ ಮನಿ ಕೊಡ್ತಿ, ಅಡಗಿ ಮಾಡ್ತಿ, ತವರಿನಾಕಿ ನಾನ ಅಂತಿ. ಮತ್ತ ತುಂಬೂ ಹೊತ್ತಿಗೆ ಒಳಗ ಹೋದರ ಹೆಂಗ?"

ಆಯಿಯ ನಗು ಹೋಯಿತು. "ನಾಳೆ ಕೂಸಿಗೆ ಒಂದು ನೆಗಡಿ ಬಂದರ ಆಯಿ ಕೈ ಗುಣ ಅಂತಾರ. ನನಗಷ್ಟ ಅಲ್ಲ, ತುಂಬಿಸಿಕೊಂಡ ನಿನಗೂ ಅಂತಾರ." ಕೈ ಮುಂದೆ ಚಾಚಿ ಹೇಳಿದಳು: "ನನಗ ಕುಬಸ ಆಗಲಿಲ್ಲ. ಆರರಾಗ ಇದ್ದೆ, ಮಗನ ಅಪ್ಪ ಹೋದ. ಹಸಿರು ಸೀರಿ ತರತೇನಿ ಅಂದಿದ್ದ ನಮ್ಮವ್ವ ಬಿಳಿ ಸೀರಿ ತಂದ್ಲು. ಆ ಕೈ ಇದು. ಹಟಾ ಮಾಡಬ್ಯಾಡ."

ಸೋಮವಾರ ಅವಳ ಮನೆಯಲ್ಲಿ ಕೂತೆ. ಐದು ಮಂದಿಯಲ್ಲಿ ಒಬ್ಬಳು ಅಂದು ಮುಂಜಾನೆ ಹೊರಗಾಗಿ ಬರಲಿಲ್ಲ. ನಾಲ್ಕೇ ಮಂದಿ. ಹಿತ್ತಲಿನಲ್ಲಿ ಸಿದ್ದಿ ಜನಾಂಗದ ಹೆಣ್ಣುಮಗಳೊಬ್ಬಳು ಕಟ್ಟಿಗೆ ಹೊರೆ ಇಳಿಸುತ್ತಿದ್ದಳು. ಹಳಿಯಾಳದ ಕಡೆಯ ಹಳ್ಳಿಯಿಂದ ಲೈನಿಗೆ ಕಟ್ಟಿಗೆ ತರುತ್ತಿದ್ದವಳು ಅವಳೇ. ಆಯಿ ಅವಳ ಕೈಗೆ ನೀರು ಹಾಕಿ ಒಳಗೆ ಕರೆತಂದಳು.

ಎದುರುಮನೆಯಾಕೆ ಲೈನಿನ ಮುತ್ತೈದೆಯರಲ್ಲಿ ಹಿರಿಯಳು, ಪದ್ಧತಿ ಬಲ್ಲವಳು. ಅವಳು ಮುಖ ಸಿಂಡರಿಸಿ, "ಈಕಿ ಯಾಕ ಆಯಿ? ನಮ್ಮವರು ಯಾರೂ ಸಿಗಲಿಲ್ಲೇನ?" ಅಂದಳು.

"ಆಕಿ ಗಂಡ ಜೀವಂತ ಅದಾನ, ಮಕ್ಕಳ ತಾಯಿ ಅದಾಳ. ಮುತ್ತೈದಿಗೆ ಇನ್ನೇನು ಕೋಡ ಇರಬೇಕೇನ?" ಎಂದು ಆಯಿ ಅಡುಗೆಮನೆಗೆ ಹೋಗಿಬಿಟ್ಟಳು.

ಕಟ್ಟಿಗೆಯಾಕೆ ಬೊಗಸೆಯಲ್ಲಿ ಜೋಳ ತೆಗೆದು ನೋಡಿದಳು. "ಇದೇನವ್ವಾ, ಜ್ವಾಳ! ನಾವು ಅಕ್ಕಿ ತುಂಬೋರು. ಕೂಸು ಹುಟ್ಟಿದ ಕೂಡ್ಲೆ ರೊಟ್ಟಿ ಬೇಡತೈತಿ ನೋಡು," ಅಂದಳು. ಎದುರುಮನೆಯಾಕೆಯೂ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು.

ಐದೂ ಮಂದಿ ತುಂಬಿದರು. ಆರತಿಯಾಯಿತು. ಆಗ ನಾನು ಸೆರಗು ಹಿಡಿದುಕೊಂಡು ಮಣೆಯಿಂದ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಆಯಿ ಹಂಚಿನ ಮೇಲೆ ಹೋಳಿಗೆ ಹಾಕಿದ್ದಳು. ನನ್ನನ್ನು ಕಂಡು ಗಾಬರಿಯಾಗಿ, "ಏಳಬಾರದು ಮಗಳ, ಕುಂಡ್ರು ಹೋಗು," ಅಂದಳು. ನಾನು ಉಡಿಯನ್ನು ಮುಂದೆ ಮಾಡಿ ನಿಂತೆ. ಹಿಂದಿನಿಂದ ಕಟ್ಟಿಗೆಯಾಕೆ, "ತುಂಬು ಆಯೀ, ಬಸುರಿ ಹೆಂಗಸು ಎಷ್ಟೊತ್ತು ನಿಂದ್ರಬೇಕು?" ಅಂದಳು.

ಆಯಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೂಲೆಯ ಡಬ್ಬಿಯಿಂದ ಬೊಗಸೆ ಜೋಳ ತೆಗೆದಳು. ಅರ್ಧ ಕಾಳು ನೆಲಕ್ಕೆ, ಒಲೆಯ ಬೂದಿಗೆ ಬಿತ್ತು. ಉಳಿದದ್ದು ನನ್ನ ಉಡಿಗೆ. ಆಮೇಲೆ ನನ್ನ ಮುಖವನ್ನೂ ನೋಡದೆ ಒಲೆಯ ಕಡೆ ತಿರುಗಿದಳು. ಹೋಳಿಗೆ ಕರಕಾಗಿತ್ತು.

ಮಗಳು ಎಂಟರಲ್ಲೇ ಹುಟ್ಟಿದಳು. ಅಂಗೈ ಮೇಲೆ ಇಟ್ಟುಕೊಳ್ಳುವಷ್ಟು ಸಣ್ಣ ಕೂಸು, ಅತ್ತರೆ ಬೆಕ್ಕಿನ ಮರಿಯ ದನಿ. ಎಂಟರ ಕೂಸು ಉಳಿಯುವುದಿಲ್ಲ ಅನ್ನುವ ಮಾತು ಎಲ್ಲರ ಬಾಯಲ್ಲಿ ಇತ್ತು. ಡಾಕ್ಟರು ಬೆಚ್ಚಗೆ ಇಟ್ಟುಕೊಳ್ಳಿರಿ ಅಂದರು. ಆಯಿ ಅಂದಿನಿಂದ ನಮ್ಮ ಮನೆಯಲ್ಲೇ ಕೂತಳು. ಅರಳೆಯಲ್ಲಿ ಸುತ್ತಿ, ತನ್ನ ಎದೆಗೆ ಅವಚಿ, ಮೇಲೆ ಸೆರಗು ಹೊದ್ದು, ಅಗ್ಗಿಷ್ಟಿಕೆಯ ಹತ್ತಿರ ಹೊತ್ತುಗಟ್ಟಲೆ ಕೂಡುತ್ತಿದ್ದಳು. ಕೂಸಿಗೆ ಮೊಲೆ ಚೀಪಲು ಶಕ್ತಿಯಿರಲಿಲ್ಲ. ನನ್ನ ಹಾಲನ್ನು ಹತ್ತಿಯ ಬತ್ತಿಯಲ್ಲಿ ಅದ್ದಿ ಹನಿಹನಿಯಾಗಿ ಬಾಯಿಗೆ ಬಿಡುತ್ತಿದ್ದಳು. ಹೊರಗೆ ಕಾರ್ಖಾನೆಯ ಭೋಂಗಾ ಕೂಗಿ ಪಾಳಿ ಬದಲಾಗುತ್ತಿತ್ತು, ಅವಳು ಕೂತಲ್ಲಿಂದ ಅಲುಗುತ್ತಿರಲಿಲ್ಲ.

ಒಂದು ದಿನ ನಳದ ಹತ್ತಿರದ ಮಾತು ನನ್ನ ಕಿಟಕಿಗೇ ಕೇಳಿತು. ಎದುರುಮನೆಯಾಕೆ ಯಾರಿಗೋ ಹೇಳುತ್ತಿದ್ದಳು: "ಬ್ಯಾಡ ಅಂತ ಹಿರ್ಯಾರು ಸುಮ್ಮನ ಹೇಳಿರತಾರೇನ? ಹುಡುಗಿಗೆ ತಿಳೀದು, ಆಯಿಗೆ ತಿಳೀಬೇಕಿತ್ತಿಲ್ಲೋ?" ಕಿಟಕಿಯಿಂದ ನೋಡಿದರೆ ಆಯಿ ಅಲ್ಲಿಯೇ, ಕೊಡ ಹಿಡಿದು ನಿಂತಿದ್ದಳು. ಯಾರಿಗೂ ಉತ್ತರ ಬಾಕಿ ಇಡದವಳು ಅಂದು ನೀರು ತುಂಬಿಕೊಂಡು ಬಂದು, ಒಲೆಗಿಟ್ಟು, ಕೂಸನ್ನು ಎತ್ತಿಕೊಂಡಳು.

ನಾನು ತಡೆಯಲಾರದೆ ಕೇಳಿದೆ: "ಆಯಿ, ನಿನಗೂ ಹಂಗ ಅನಸ್ತೈತೇನ?"

ಆಯಿ ಕೂಸಿಗೆ ಸುತ್ತಿದ ಅರಳೆಯನ್ನು ಸರಿಮಾಡಿದಳು. ಆಮೇಲೆ, "ಗೊತ್ತಿಲ್ಲ ಮಗಳ. ಅನಸಬಾರದು ಅಂತ ಕುಂತೇನಿ," ಅಂದಳು. ನನಗೆ ಸಮಾಧಾನ ಹೇಳಲೆಂದು ಸುಳ್ಳಾಡಲಿಲ್ಲ. ಅವಳಿಗೆ ಗೌರವ ಕೊಡುತ್ತೇನೆಂದು ನಾನು ಮುಂದೆ ಹಿಡಿದ ಉಡಿ ಅವಳ ಕೊರಳಿಗೆ ಎಂಥ ಭಾರವಾಗಿದೆ ಎಂದು ಅಂದು ಕಂಡಿತು.

ಕೂಸು ಉಳಿಯಿತು. ನಿಧಾನವಾಗಿ ಕೆನ್ನೆ ತುಂಬಿತು, ದನಿ ಬಂತು. ಮಳೆ ಕಳೆದು ಚಳಿ ಬರುವ ಹೊತ್ತಿಗೆ ಮೊಲೆ ಕಚ್ಚಿ ಅಳಿಸುವಷ್ಟು ಜೋರಾದಳು. ಆದರೆ ಲೈನಿನಲ್ಲಿ ಆದ ಮಾತು ಹಾಗೇ ಉಳಿಯಿತು. ಬೆಳಗಾವಿ ಕಡೆಯ ಹುಡುಗಿಯೊಬ್ಬಳಿಗೆ ಏಳನೆಯ ತಿಂಗಳು ಹಿಡಿಯಿತು, ಅವಳ ತವರಿನವರೂ ಬರುವಂತಿರಲಿಲ್ಲ. ಎದುರುಮನೆಯಾಕೆ, "ಆಯಿಗೆ ವಯಸ್ಸಾತು, ಆಕಿಗೆ ಯಾಕ ತ್ರಾಸು? ನಮ್ಮನ್ಯಾಗ ಮಾಡೂಣು," ಅಂದಳು. ಯಾರೂ ಬೇಡವೆನ್ನಲಿಲ್ಲ. ಆಯಿ ಒಂದು ಸೇರು ಜೋಳ, ಹಸಿರು ಖಣ ನನ್ನ ಕೈಯಲ್ಲಿ ಕಳಿಸಿ ತಾನು ಮನೆಯಲ್ಲೇ ಕೂತಳು. ಅಡುಗೆಮನೆಗೂ ಅವಳನ್ನು ಕರೆಯಲಿಲ್ಲ. ಬಾಣಂತಿಗೆ ನೀರೆರೆಯಲು ಮಾತ್ರ ಮೊದಲಿನಂತೆ ಕರೆಯುತ್ತಿದ್ದರು, ಅವಳೂ ಹೋಗುತ್ತಿದ್ದಳು. ತವರಿನಾಕೆ ಅನ್ನಿಸಿಕೊಳ್ಳುವುದು ಅವಳಿಗೆ ಊಟಕ್ಕಿಂತ ಹೆಚ್ಚಿನದಾಗಿತ್ತು. ಅದು ಹೋದ ಮೇಲೆ ನಡೆ ನಿಧಾನವಾಯಿತು. ಬೈಗುಳವೂ ಕಡಿಮೆಯಾಯಿತು. ಗಂಡಸರು ಕೂಡ, "ಆಯಿಗೆ ಆರಾಮಿಲ್ಲೇನ?" ಎಂದು ಕೇಳತೊಡಗಿದರು.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ ನಾನು ಆಯಿಯ ಹಿತ್ತಲಲ್ಲಿ ಕೂತು ಹುಣಸೆ ಬೀಜ ತೆಗೆಯುತ್ತಿದ್ದೆ. ಮಗಳು ಪಕ್ಕದಲ್ಲಿ ಅಂಬೆಗಾಲಿಡುತ್ತಿದ್ದಳು. ಕಟ್ಟಿಗೆಯಾಕೆ ಬಂದಳು. ಅಂದು ತಲೆಯ ಮೇಲೆ ಹೊರೆ ಇರಲಿಲ್ಲ. ಹಿಂದೆ ಅವಳ ಹಿರಿಯ ಮಗಳು, ತುಂಬು ಬಸುರಿ, ಬಿಸಿಲಿಗೆ ಬೆವತು ನಿಂತಿದ್ದಳು.

"ಆಯೀ, ಈಕಿಗೊಂದು ಉಡಿ ತುಂಬು," ಅಂದಳು ತಾಯಿ.

ಆಯಿ ಹುಡುಗಿಗೆ ನೀರು, ಬೆಲ್ಲ ಕೊಟ್ಟು ನೆರಳಿಗೆ ಕೂಡಿಸಿದಳು. "ನೀ ತಾಯಿ ಗಟ್ಟಿ ಅದಿ. ನಿನ್ನ ಮನಿ ಐತಿ, ನಿಮ್ಮ ಮಂದಿ ಅದಾರ. ನನ್ನ ಕಡೆ ಯಾಕ ಕರಕೊಂಡು ಬಂದಿ?"

"ನಮ್ಮ ಮನ್ಯಾಗ ಆತು. ಇದು ಬ್ಯಾರೆ. ಅಂದು ನನ್ನನ್ನ ಒಳಗ ಕರದು ಮುತ್ತೈದಿ ಅಂದಿ, ಇಲ್ಲೋ? ನಾ ಮನಿಗೆ ಹೋಗಿ ಇದನ್ನ ಈಕಿಗೆ ಹೇಳಿದ್ದೆ. ಬಸುರಾದ ಮ್ಯಾಲೆ ತಾನ ಕೇಳಿದ್ಲು, ಆ ಆಯಿ ಹತ್ರ ಹೋಗೂಣು ಅಂತ."

ಆಯಿ ನನ್ನ ಮಗಳ ಕಡೆ ಕೈ ತೋರಿಸಿದಳು. "ಈ ಕೂಸು ಎಂಟರಾಗ ಹುಟ್ಟೈತಿ. ನಿನಗ ಗೊತ್ತಿಲ್ಲ."

"ಗೊತ್ತೈತಿ ತಗೋ, ಲೈನಿನಾಗ ಎಲ್ಲಾರೂ ಹೇಳಿದ್ರು. ಅದನ್ನ ಎದಿ ಮ್ಯಾಲೆ ಇಟ್ಟುಕೊಂಡು ಕುಂತಾಕಿ ಯಾರು ಅಂತ ಮಾತ್ರ ಯಾರೂ ಹೇಳಲಿಲ್ಲ. ಕಟ್ಟಿಗಿ ಹಾಕಾಕ ಬಂದಾಗ ನಾನ ನೋಡೇನಿ."

ಆಯಿ ಹುಡುಗಿಯನ್ನೇ ಕೇಳಿದಳು. "ನಿನಗ ಹೆದರಿಕಿ ಇಲ್ಲೇನವ್ವಾ?"

ಹುಡುಗಿ ತಲೆ ತಗ್ಗಿಸಿ, "ಹೆರೂದಕ್ಕ ಐತಿ. ನಿನಗ ಹೆದರಂಗಿಲ್ಲ," ಅಂದಳು.

ಆಯಿ ಎದ್ದು ಬಾನಿಯ ನೀರಿನಲ್ಲಿ ಕೈ ತೊಳೆದುಕೊಂಡಳು. ನನಗೆ ಕುಂಕುಮ ಹಚ್ಚಲು ಹೇಳಿದಳು, ಅದನ್ನು ತಾನು ಮುಟ್ಟಲಿಲ್ಲ. ಆಮೇಲೆ ಹುಡುಗಿಯ ಎದುರಿಗೆ ನಿಂತು ಉಡಿ ತುಂಬಿದಳು. ಈ ಸಲ ಕಾಳು ಕೆಳಗೆ ಚೆಲ್ಲಲಿಲ್ಲ. ಹುಡುಗಿ ಬಾಗಿ ಕಾಲು ಮುಟ್ಟಿದಾಗ ಅವಳ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಆ ಹುಡುಗಿಗೆ ಸುಖವಾಗಿ ಹೆರಿಗೆಯಾಯಿತು. ಅದರಿಂದ ಲೈನಿನ ಎಲ್ಲರ ಮನಸ್ಸೂ ತಿರುಗಿತು ಅಂತ ಬರೆದರೆ ಸುಳ್ಳಾಗುತ್ತದೆ. ಕೆಲವರು ಆಯಿಯನ್ನು ಕರೆದರು, ಕೆಲವರು ಕರೆಯಲಿಲ್ಲ. ಕರೆದ ಮನೆಗಳಲ್ಲಿ ಅವಳು ಒಲೆಯ ಹತ್ತಿರ ಕೂಡುವುದನ್ನು ಬಿಟ್ಟು ಮಣೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಹುಡುಗಿ ಕೇಳಿದರೆ ತುಂಬುತ್ತಿದ್ದಳು, ಕೇಳದಿದ್ದರೆ ನಿಂತು ನೋಡುತ್ತಿದ್ದಳು. ಎದುರುಮನೆಯಾಕೆ ತನ್ನ ಮಗಳನ್ನು ತವರಿಗೆ ಕರೆತಂದು ಮಾಡಿದ ಕುಬಸಕ್ಕೆ ಆಯಿಯನ್ನು ಕರೆಯಲಿಲ್ಲ, ಬುತ್ತಿಯ ಡಬ್ಬಿಯನ್ನು ಮಾತ್ರ ಕೊಟ್ಟುಕಳಿಸಿದಳು. ಆಯಿ ಉಂಡು, ಡಬ್ಬಿ ತೊಳೆದು, ಖಾಲಿ ತಿರುಗಿಸಬಾರದೆಂದು ಅದರಲ್ಲಿ ಒಂದು ಹಸಿರು ಖಣವನ್ನು ಮಡಚಿಟ್ಟು ಕೊಟ್ಟಳು. ಆ ಖಣದ ಜಂಪರು ಹೊಲಿಸಿ ತೊಟ್ಟುಕೊಂಡೇ ಎದುರುಮನೆಯ ಮಗಳು ಗಂಡನ ಮನೆಗೆ ತಿರುಗಿ ಹೋದಳು. ಬಸ್ಸಿಗೆ ಹೊರಟಾಗ ಲೈನಿನ ಕೊನೆಯ ಮನೆಯ ಮುಂದೆ ಒಂದು ಗಳಿಗೆ ನಿಂತಳು. ಅವಳ ಅವ್ವನೂ ಗಂಟು ಹಿಡಿದು ಪಕ್ಕದಲ್ಲೇ ನಿಂತಳು. ಆಯಿ ಬಾಗಿಲಿಗೆ ಬಂದು, "ಹೋಗಿ ಬಾ ಯವ್ವಾ, ಬಸ್ಸಿನಾಗ ಮುಂದ ಕುಂಡ್ರು, ಹಿಂದ ಭಾಳ ಕುಲಕತೈತಿ," ಅಂದಳು.