ಚೌಡಪ್ಪ ಮೇಷ್ಟ್ರ ಬ್ರಶ್ಶಿನ ಪಾಠ

ಚೌಡಪ್ಪ ಮೇಷ್ಟ್ರು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರ ಬಟ್ಟೆ ಚೀಲದಿಂದ ಸುಣ್ಣ ಹೊಡೆಯುವ ಬ್ರಶ್ಶಿನ ಹಿಡಿ ಹೊರಗೆ ಚಾಚಿಕೊಂಡಿರುತ್ತಿತ್ತು. “ಇವತ್ತು ಯಾರ ಮನೆ ಗೋಡೆ ಮೇಷ್ಟ್ರೆ?” ಎಂದು ಕಂಡಕ್ಟರ್ ಕೆಣಕಿದರೆ, “ಹತ್ತನೇ ಕ್ಲಾಸಿಂದು ಮಾರಾಯ. ಒಂದು ಕೋಟ್ ಸಾಲದಿಲ್ಲ” ಎನ್ನುತ್ತಿದ್ದರು.

ಸಾಗರದಿಂದ ದಿನವೂ ಓಡಾಡುತ್ತಿದ್ದ ಅವರು ಹೊಸನಗರದ ಒಂದು ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟ್ರು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. “ಈ ಬ್ಯಾಚೊಂದನ್ನ ದಾಟಿಸಿಬಿಟ್ರೆ ನಂಗೆ ಸಾಕು” ಎಂದು ಆಗಾಗ ಹೇಳುವರು. ನಾನು ತೀರ್ಥಹಳ್ಳಿಯವನು. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿ, ಆ ಶಾಲೆಗೆ ಅತಿಥಿ ಶಿಕ್ಷಕನಾಗಿ ಸೇರಿದ್ದೆ. ಯಾರನ್ನೂ ಸುಲಭವಾಗಿ ನಂಬಬಾರದೆಂದು ಕಲಿತು ಬಂದಿದ್ದೆ, ನನ್ನೊಬ್ಬನನ್ನು ಬಿಟ್ಟು.

ಮೇಷ್ಟ್ರು ಆ ವರ್ಷ ‘ಬ್ರಶ್’ ಎಂಬ ಒಂದೇ ಶಬ್ದಕ್ಕೆ ಆರು ದಿನ ಕೊಟ್ಟರು. ಚೀಲದಿಂದ ಒಂದೊಂದೇ ಮೇಜಿನ ಮೇಲೆ ಬಂದವು: ಕೂದಲು ಕೆದರಿದ ಹಲ್ಲಿನ ಬ್ರಶ್ಶು, ಬೂಟಿನದು, ಗಡ್ಡದ್ದು, ಬಾಟಲಿ ತೊಳೆಯುವುದು. ಕೊನೆಗೆ ಮಿಕ್ಸಿಯ ಮೋಟಾರಿನಿಂದ ತೆಗೆದ, ಬೆರಳ ತುದಿಯಷ್ಟಿದ್ದ, ಕಾರ್ಬನ್ ಬ್ರಶ್ ಎಂಬ ಕರಿ ತುಂಡೊಂದು.

“ಸರ್, ಇದು ಬ್ರಶ್ಶಾ? ಕೂದಲೇ ಇಲ್ವಲ್ಲ!” ಎಂದ ಹಿಂದಿನ ಬೆಂಚಿನವನೊಬ್ಬ.

“ನನ್ನ ತಲೇಲೂ ಇಲ್ಲ. ಹಂಗಂತ ನಾನು ಮೇಷ್ಟ್ರಲ್ಲ ಅಂತೀಯನಾ?”

ಮರುದಿನ ಬಾಗಿಲ ಚೌಕಟ್ಟಿಗೆ ತೋಳು ಸವರಿಕೊಂಡು ಒಳಗೆ ಬಂದು, “ಇದೂ ಬ್ರಶ್ಶೇ” ಎಂದರು. ಶೌಚಾಲಯದಲ್ಲಿ ನೀರಿಲ್ಲವೆಂದು ಹುಡುಗಿಯೊಬ್ಬಳು ದೂರಿದಾಗ ಥೇಟ್ ಹೆಡ್‌ಮಾಸ್ಟರ ಹಾಗೆ ಕೈ ಬೀಸಿ, “ನೋಡೋಣ ನೋಡೋಣ” ಎಂದು, “ಹೀಗೆ ಬದಿಗೆ ಸರಿಸೋದಕ್ಕೆ ಬ್ರಶ್ ಅಸೈಡ್ ಅಂತಾರೆ, ಬರ್ಕೊಳ್ಳಿ” ಎಂದರು. ಕ್ಲಾಸು ನಕ್ಕ ಸದ್ದಿಗೆ ನಾನು ಪಕ್ಕದ ಕೋಣೆಯಲ್ಲಿ ಪಾಠ ನಿಲ್ಲಿಸಬೇಕಾಯಿತು.

ಕಡೆಯ ದಿನ, ಮನೆಯಲ್ಲಿ ಯಾವ ಬ್ರಶ್ಶಿದೆ, ಯಾರು ಹಿಡಿಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆಸಿದರು. ಅಲ್ಲಿಯವರೆಗೆ ಖಾಲಿ ಹಾಳೆ ಕೊಡುತ್ತಿದ್ದ ಸವಿತಾ ಎರಡು ಸಾಲು ಬರೆದಳು. ತನ್ನಪ್ಪ ಬೇರೆಯವರ ಗೋಡೆಗಳಿಗೆ ಬಣ್ಣ ಹೊಡೆಯುತ್ತಾನೆ, ತಮ್ಮ ಮನೆಯ ಗೋಡೆಗೆ ಹೊಡೆದಿಲ್ಲ ಎಂದು. ಮೇಷ್ಟ್ರು ಆ ಹಾಳೆ ಹಿಡಿದು ಸ್ಟಾಫ್‌ರೂಮಿಗೆ ಓಡಿಬಂದರು.

“ನೋಡಿ ಮಾರಾಯ್ರೆ! ಕನ್ನಡದಲ್ಲೂ ಯಾರಿಗೂ ಹೇಳದೆ ಇದ್ದಿದ್ದನ್ನ ಇಂಗ್ಲಿಷಲ್ಲಿ ಹೇಳಿದಾಳೆ.”

ನಾನು ಹಾಳೆ ನೋಡಿ, “ಎರಡು ತಪ್ಪಿದೆ ಸರ್” ಎಂದೆ.

ಮುಂದಿನ ವಾರ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಹತ್ತನೇ ತರಗತಿಯಲ್ಲಿ ಒಂದು ವಾರ ಒಂದೇ ಶಬ್ದ ನಡೆದಿದೆ, ಪಾಠಗಳೆಲ್ಲ ಹಾಗೇ ಉಳಿದಿವೆ ಎಂದು ನಾನು ಅವರಿಗೆ ಹೇಳಿದೆ. ನಗುತ್ತ ಹೇಳಿದೆ. ಎರಡೇ ದಿನದಲ್ಲಿ ಆ ತರಗತಿ ನನ್ನ ಪಾಲಿಗೆ ಬಂತು. ಮೇಷ್ಟ್ರ ಕೈಗೆ ಗ್ರಂಥಾಲಯದ ಬೀಗದ ಕೈ ಬಂತು. ಅವರು ಆ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, “ಇರ್ಲಿ, ಮಕ್ಕಳು ಕೇಳ್ತಾವೆ” ಎಂದರು. ನಾನದನ್ನು ಬೀರುವಿನ ಕೆಳಗಿನ ಖಾನೆಗೆ ತಳ್ಳಿ ಗೈಡ್ ತೆರೆದೆ.

ನಾನಾಗಿಯೇ ಹೇಳಿದೆನೋ, ಅಧಿಕಾರಿ ಕೇಳಿದ್ದಕ್ಕೆ ಹೇಳಿದೆನೋ? ನನ್ನ ಅನುಮಾನವೆಲ್ಲ ಇಲ್ಲಿ. ಒಂದು ನೆನಪಿನಲ್ಲಿ ಅಧಿಕಾರಿ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತ, “ಇಂಗ್ಲಿಷ್ ಹೇಗೆ ನಡೀತಿದೆ?” ಎಂದು ವಿಚಾರಿಸುತ್ತಾರೆ. ಇನ್ನೊಂದರಲ್ಲಿ ನಾನು ಅವರ ಜೀಪಿನ ಪಕ್ಕ ನಿಂತಿದ್ದೇನೆ. ಮನುಷ್ಯ ತನ್ನ ನೆನಪನ್ನು ತಾನೇ ತಿದ್ದುತ್ತಿರುತ್ತಾನೆ, ಯಾವುದನ್ನೂ ಪೂರ್ತಿ ನಂಬಲಾಗದು ಎಂದು ಓದಿದ್ದೆ. ಆ ಓದು ನನಗೆ ಬಹಳ ವರ್ಷ ಅನುಕೂಲಕ್ಕೆ ಬಂತು.

ಹೋದ ವರ್ಷ ಮೇಷ್ಟ್ರಿಗೆ ಹುಷಾರಿಲ್ಲವೆಂದು ಕೇಳಿ ಸಾಗರಕ್ಕೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಬಹಳ ಇಳಿದುಹೋಗಿದ್ದರು. “ಬನ್ನಿ ಬನ್ನಿ, ಯೂನಿವರ್ಸಿಟಿಯವರು!” ಎಂದು ಹಳೆಯ ಹಾಗೆಯೇ ಕರೆದರು. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ನಾನು ಶುರು ಮಾಡಿದೆ.

“ಸರ್, ಅವತ್ತು ಆ ಅಧಿಕಾರಿ ನನ್ನ ಕೇಳಿದ್ರು, ಅದಕ್ಕೆ ನಾನು...”

“ಕೇಳ್ಲಿಲ್ಲ ಮಾರಾಯ್ರೆ” ಎಂದರು ಮೇಷ್ಟ್ರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಜಗಲಿ ಮೇಲೇ ಇದ್ದೆ. ಜೀಪು ಹೊರಟಾಗಿತ್ತು. ನೀವು ಓಡಿ ಹೋಗಿ ನಿಲ್ಸಿದ್ರಿ.”

ನಾನು ಲೋಟ ಕೆಳಗಿಟ್ಟೆ.

“ಆವಾಗ್ಲೇ ಕೇಳ್ಬೇಕು ಅಂತಿದ್ದೆ. ಆದ್ರೆ ಆ ಮಕ್ಕಳಿಗೆ ಇನ್ನು ನೀವೇ ಪಾಠ ಮಾಡ್ಬೇಕಿತ್ತಲ್ಲ. ನಿಮ್ಮ ಮನಸ್ಸು ಕೆಡ್ಸಿದ್ರೆ ಅವಕ್ಕೇ ನಷ್ಟ ಅಂತ ಸುಮ್ನಾದೆ.”

ಕ್ಷಮಿಸಿ ಎನ್ನುವುದಕ್ಕೇ ನಾನು ಅಷ್ಟು ದೂರ ಹೋಗಿದ್ದು. ಬಾಯಿಂದ ಬಂದದ್ದು ಬೇರೆ.

“ನನಗೆ ಹಾಗೆ ನೆನಪಿಲ್ಲ ಸರ್.”

ಮೇಷ್ಟ್ರು ದಿಂಬನ್ನು ಸರಿಮಾಡಿಕೊಂಡರು. ಆಮೇಲೆ, “ಹೌದಾ? ಇರ್ಬಹುದು ಬಿಡಿ. ನಂಗೂ ವಯಸ್ಸಾಯ್ತು” ಎಂದು ಕಣ್ಣು ಮುಚ್ಚಿಕೊಂಡರು.

ಹದಿನೈದು ದಿನಕ್ಕೆ ತೀರಿಕೊಂಡರು.

ಅವತ್ತು ಜೀಪನ್ನು ತಡೆಯಲು ನಾನು ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದೆ. ಅದು ಬಿಸಿಲಿಗೆ ಕಾದು ಅಂಗೈ ಚುರ್ರೆಂದಿತ್ತು. ಮೇಷ್ಟ್ರ ಎದುರು ಕೂತು ನೆನಪಿಲ್ಲ ಎನ್ನುವಾಗಲೇ ನನಗೆ ಅದು ನೆನಪಾಗಿತ್ತು.